ಕೆನೆ ಡ್ರೆಸಿಂಗ್

ಹಸಿ ಸೊಪ್ಪು, ಹೆಚ್ಚಿದ ತರಕಾರಿ, ಬೇಯಿಸಿದ ಆಲೂಗಡ್ಡೆ ಮೊದಲಾದವನ್ನು ಕಲಸಲು ಬಳಸುವ, ಹುಳಿ ಬೆರೆತ ಗಟ್ಟಿ ನುಣುಪು ದ್ರವಕ್ಕೆ ಕೆನೆ ಡ್ರೆಸಿಂಗ್ ಎನ್ನುತ್ತಾರೆ. ಹೆಸರಿನಲ್ಲಿ ಕೆನೆ ಇದ್ದರೂ ಬಹುಪಾಲು ಬಗೆಗಳಲ್ಲಿ ಹಾಲಿನ ಕೆನೆ ಒಂದು ಚಮಚವೂ ಇರುವುದಿಲ್ಲ. ಎಣ್ಣೆ, ಹುಳಿ, ಉಪ್ಪು, ಇವನ್ನು ಬಿಡದಂತೆ ಹಿಡಿದಿಡುವ ಇನ್ನೊಂದು ಪದಾರ್ಥ ಇದ್ದರೆ ಸಾಕು. ಆ ಹಿಡಿದಿಡುವ ಪದಾರ್ಥ ಮೊಟ್ಟೆಯ ಹಳದಿಯಾಗಬಹುದು, ಸಾಸಿವೆ, ಮೊಸರು ಅಥವಾ ಹಾಲಾಗಬಹುದು, ಅರೆದ ಎಳ್ಳಾಗಬಹುದು, ಕಾಬೂಲಿ ಕಡಲೆ ಬೇಯಿಸಿದ ಕಟ್ಟೂ ಆಗಬಹುದು. ಇವುಗಳಲ್ಲಿ ಒಂದಾದರೂ ಇಲ್ಲದ ಅಡುಗೆಮನೆ ಸಿಗುವುದು ಕಷ್ಟ. ಹಾಗಾಗಿ ಬಾಟಲಿ ಡ್ರೆಸಿಂಗ್ ಕೊಳ್ಳುವುದು ಅನುಕೂಲಕ್ಕಾಗಿಯೇ ಹೊರತು ಅನಿವಾರ್ಯವಾಗಿ ಅಲ್ಲ. ಯಾವುದು ಯಾವುದನ್ನು ಹಿಡಿದಿಡುತ್ತದೆ ಎಂದು ತಿಳಿದವರು ಮನೆಯಲ್ಲಿರುವ ಸಾಮಾನಿನಲ್ಲೇ ಇದನ್ನು ಹತ್ತು ನಿಮಿಷದಲ್ಲಿ ಮಾಡಿಕೊಳ್ಳಬಹುದು.

ಸಾಲಡ್ ಎಂಬ ಮಾತು ಬಂದದ್ದು ಉಪ್ಪು ಎಂಬ ಅರ್ಥದ ಲ್ಯಾಟಿನ್ ಪದ ‘ಸಾಲ್’ನಿಂದ. ಉಪ್ಪು ಹಚ್ಚಿದ ಸೊಪ್ಪು ಎಂಬುದೇ ಅದರ ಮೂಲಾರ್ಥ. ಎಣ್ಣೆ, ವಿನೆಗರ್ ಆ ಉಪ್ಪಿನ ಜೊತೆಗೂಡಿದವು. ಕೆನೆಯಂಥ ಗಟ್ಟಿ ಬಗೆಗಳು ಬಂದದ್ದು ಬಹಳ ತಡವಾಗಿ.

ಪರಸ್ಪರ ಹೊಂದಿಕೆಯಿಲ್ಲದ ಇಬ್ಬರನ್ನು ಕನ್ನಡದಲ್ಲಿ ‘ಎಣ್ಣೆ-ಸೀಗೆಕಾಯಿ’ ಎನ್ನುವುದುಂಟು. ಅಭ್ಯಂಜನದ ದಿನ ಬಚ್ಚಲುಮನೆಯಲ್ಲಿ ನಡೆಯುವುದೇ ಬೇರೆ. ಸೀಗೆಯಲ್ಲಿರುವ ಸಪೋನಿನ್ ಎಂಬ ವಸ್ತು ಒಂದು ತುದಿಯಿಂದ ಎಣ್ಣೆಯನ್ನೂ ಇನ್ನೊಂದು ತುದಿಯಿಂದ ನೀರನ್ನೂ ಹಿಡಿದುಕೊಳ್ಳುತ್ತದೆ. ಹಾಗೆ ಹಿಡಿದುಕೊಂಡದ್ದರಿಂದಲೇ ತಲೆಯ ಜಿಡ್ಡು ನೀರಿನೊಂದಿಗೆ ಇಳಿದುಹೋಗುತ್ತದೆ. ಡ್ರೆಸಿಂಗಿನಲ್ಲಿ ಇದೇ ಕೆಲಸವನ್ನು ಮೊಟ್ಟೆಯ ಹಳದಿಯಲ್ಲಿರುವ ಲೆಸಿಥಿನ್ ಮತ್ತು ಪ್ರೋಟೀನುಗಳು ಮಾಡುತ್ತವೆ. ಎಣ್ಣೆಯನ್ನೂ ವಿನೆಗರನ್ನೂ ಬರಿದೇ ಶೀಸೆಗೆ ಹಾಕಿ ಕುಲುಕಿದರೆ ಎರಡೂ ಕ್ಷಣಹೊತ್ತು ಬೆರೆತಂತೆ ಕಾಣುತ್ತವೆ, ಸ್ವಲ್ಪ ಹೊತ್ತಿಗೆ ಎಣ್ಣೆ ಮೇಲೆ, ಹುಳಿ ಕೆಳಗೆ ನಿಲ್ಲುತ್ತವೆ. ನಡುವೆ ಲೆಸಿಥಿನ್ ಬಂದರೆ ಅದು ಎಣ್ಣೆಯ ಪ್ರತಿ ಸಣ್ಣ ಹನಿಯ ಸುತ್ತಲೂ ತೆಳುವಾದ ಪೊರೆಯಂತೆ ಕೂರುತ್ತದೆ. ಹನಿಗಳು ಮತ್ತೆ ಒಂದಕ್ಕೊಂದು ಕೂಡಿಕೊಳ್ಳಲಾರದೆ ಹುಳಿನೀರಿನಲ್ಲಿ ಚೆದುರಿಯೇ ಉಳಿಯುತ್ತವೆ. ಹೀಗೆ ಒಂದು ದ್ರವದಲ್ಲಿ ಇನ್ನೊಂದು ಹನಿಹನಿಯಾಗಿ ನಿಂತ ಮಿಶ್ರಣಕ್ಕೆ ಎಮಲ್ಷನ್ ಎಂದು ಹೆಸರು. ಹಾಲೂ ಒಂದು ಎಮಲ್ಷನ್, ತೆಂಗಿನಹಾಲೂ ಒಂದು ಎಮಲ್ಷನ್.

ಬಣ್ಣ ಬಿಳಿಯಾಗುವುದೂ ಈ ಹನಿಗಳಿಂದಲೇ. ಹಾಕಿದ ಎಣ್ಣೆ ಹೊಂಬಣ್ಣದ್ದಾಗಿರುತ್ತದೆ, ಹಳದಿಯಂತೂ ಹಳದಿಯೇ. ಆದರೂ ಕಡೆದಂತೆಲ್ಲ ಮಿಶ್ರಣ ಬೆಳ್ಳಗಾಗುತ್ತ ಹೋಗುತ್ತದೆ, ಏಕೆಂದರೆ ಅಸಂಖ್ಯ ಸಣ್ಣ ಹನಿಗಳು ಬೆಳಕನ್ನು ಎಲ್ಲ ದಿಕ್ಕಿಗೂ ಚೆದುರಿಸುತ್ತವೆ. ಇನ್ನು ಗಟ್ಟಿತನದ ವಿಷಯ ಹೊಸಬರನ್ನು ಬೆರಗಾಗಿಸುತ್ತದೆ. ಎಣ್ಣೆ ಸುರಿದಷ್ಟೂ ಮಿಶ್ರಣ ನೀರಾಗಬೇಕು ಎಂದು ಮನಸ್ಸು ಎಣಿಸುತ್ತದೆ, ಆದರೆ ಅದು ಗಟ್ಟಿಯಾಗುತ್ತದೆ. ಒಂದೇ ಗಾತ್ರದ ಗುಂಡುಗಳನ್ನು ಎಷ್ಟೇ ಒತ್ತಾಗಿ ಜೋಡಿಸಿದರೂ ಅವು ತುಂಬುವ ಜಾಗ ಶೇ. 74ರಷ್ಟು ಮಾತ್ರ. ಎಣ್ಣೆಯ ಪಾಲು ಆ ಹತ್ತಿರಕ್ಕೆ ಬಂದಾಗ ಹನಿಗಳು ಒಂದನ್ನೊಂದು ಅದುಮಿಕೊಂಡು ನಿಲ್ಲುತ್ತವೆ. ತೇರಿನ ಬೀದಿಯ ನೂಕುನುಗ್ಗಲಿನಲ್ಲಿ ಸಿಕ್ಕವರ ಹಾಗೆ ಯಾವ ಹನಿಗೂ ಸರಿಯಲು ಜಾಗವಿರುವುದಿಲ್ಲ. ಚಮಚ ನೆಟ್ಟರೆ ನಿಲ್ಲುವಷ್ಟು ಗಟ್ಟಿಯಾಗುವುದು ಆಗಲೇ. ತೆಳುವಾಗಬೇಕಾದರೆ ಸೇರಿಸಬೇಕಾದದ್ದು ನೀರು.

ಎಲ್ಲ ಕೆನೆ ಡ್ರೆಸಿಂಗುಗಳ ತಾಯಿ ಮೇಯೊನೇಸ್. ಇದನ್ನು ಒಮ್ಮೆಯಾದರೂ ಯಂತ್ರವಿಲ್ಲದೆ ಕೈಯಲ್ಲಿ ಮಾಡಿ ನೋಡಬೇಕು, ಆಗ ಇದರ ಗುಟ್ಟು ಕೈಗೇ ತಿಳಿಯುತ್ತದೆ. ಅಗಲ ಬಾಯಿಯ ಬಟ್ಟಲಿನ ಕೆಳಗೆ ಒದ್ದೆ ಬಟ್ಟೆ ಹಾಸಿದರೆ ಅದು ಜಾರುವುದಿಲ್ಲ. ಒಂದು ಮೊಟ್ಟೆಯ ಹಳದಿ, ಅರ್ಧ ಚಮಚ ಅರೆದ ಸಾಸಿವೆ, ಚಿಟಿಕೆ ಉಪ್ಪು, ಎರಡು ಚಮಚ ನಿಂಬೆರಸ ಅಥವಾ ವಿನೆಗರ್ ಹಾಕಿ ಚೆನ್ನಾಗಿ ಕದಡಬೇಕು. ಸುಮಾರು 200 ಮಿಲಿಲೀಟರ್ ಎಣ್ಣೆ ಪಕ್ಕದಲ್ಲಿರಲಿ. ಮೊದಲ ಎರಡು ಚಮಚ ಎಣ್ಣೆಯನ್ನು ಅಕ್ಷರಶಃ ತೊಟ್ಟುತೊಟ್ಟಾಗಿ ಬಿಡಬೇಕು. ಒಂದು ತೊಟ್ಟು ಬಿದ್ದು ಮಾಯವಾದ ಮೇಲೆಯೇ ಮುಂದಿನದು. ಈ ಹಂತದಲ್ಲಿ ಆತುರಪಟ್ಟವರ ಡ್ರೆಸಿಂಗ್ ನಿಲ್ಲುವುದಿಲ್ಲ. ಒಂದೆರಡು ನಿಮಿಷದಲ್ಲಿ ಕಡೆಯುವ ಸದ್ದೇ ಬದಲಾಗುತ್ತದೆ. ನೀರಿನ ಪಚಪಚ ಹೋಗಿ ಮಂದವಾದ ಸದ್ದು ಬರುತ್ತದೆ, ಕಡೆದ ಗೆರೆಗಳು ಬಟ್ಟಲಿನಲ್ಲಿ ಮೂಡಿ ಕ್ಷಣಕಾಲ ನಿಲ್ಲುತ್ತವೆ. ಅಲ್ಲಿಂದ ಮುಂದೆ ನೂಲಿನಂಥ ಧಾರೆಯಲ್ಲಿ ಎಣ್ಣೆ ಬಿಡಬಹುದು, ಏಕೆಂದರೆ ಈಗಾಗಲೇ ನಿಂತಿರುವ ಹನಿಗಳು ಹೊಸ ಎಣ್ಣೆಯನ್ನು ಒಡೆಯಲು ತಾವೇ ನೆರವಾಗುತ್ತವೆ. ಕೈಗೆ ಭಾರವೆನಿಸಿದಾಗ ಒಂದು ಚಮಚ ನೀರು ಹಾಕಿದರೆ ಸಡಿಲವಾಗುತ್ತದೆ, ಮತ್ತಷ್ಟು ಎಣ್ಣೆಯನ್ನೂ ಹಿಡಿಯುತ್ತದೆ. ನೀರು ಸೇರಿಸುತ್ತ ಹೋದರೆ ಒಂದೇ ಹಳದಿ ಹಲವು ಲೀಟರ್ ಎಣ್ಣೆಯನ್ನು ಹಿಡಿಯಬಲ್ಲದು ಎಂಬುದನ್ನು ಅಡುಗೆಯ ವಿಜ್ಞಾನ ಬರೆಯುವ ಅಮೆರಿಕದ ಹೆರಾಲ್ಡ್ ಮ್ಯಾಗೀ ಪ್ರಯೋಗ ಮಾಡಿ ತೋರಿಸಿದ್ದಾರೆ. ಮನೆಯಲ್ಲಿ ಡ್ರೆಸಿಂಗ್ ಕೆಡುವುದು ಹಳದಿ ಸಾಲದೆ ಅಲ್ಲ, ನೀರು ಸಾಲದೆ ಅಥವಾ ಎಣ್ಣೆ ಒಮ್ಮೆಲೇ ಬಿದ್ದು.

ಕೆಟ್ಟಾಗ ಏನಾಗುತ್ತದೆ? ಹಾಲು ಒಡೆದ ಹಾಗೆಯೇ ಇದೂ ಒಡೆಯುತ್ತದೆ. ನುಣುಪು ಹೋಗಿ ಮೊಸರು ಕದಡಿದಂತೆ ತರಿತರಿಯಾಗುತ್ತದೆ, ಅಂಚಿನಲ್ಲಿ ಎಣ್ಣೆ ಹೊಳೆಯತೊಡಗುತ್ತದೆ. ಒಡೆದ ಹಾಲನ್ನು ಮತ್ತೆ ಹಾಲು ಮಾಡಲಾಗದು, ಒಡೆದ ಡ್ರೆಸಿಂಗನ್ನು ಮಾತ್ರ ಖಂಡಿತ ಕೂಡಿಸಬಹುದು. ಇನ್ನೊಂದು ಶುಚಿಯಾದ ಬಟ್ಟಲಿನಲ್ಲಿ ಒಂದು ಚಮಚ ನೀರು ಮತ್ತು ಸ್ವಲ್ಪ ಸಾಸಿವೆ ಪೇಸ್ಟ್ ಅಥವಾ ಹೊಸ ಹಳದಿಯೊಂದನ್ನು ಇಟ್ಟುಕೊಂಡು, ಒಡೆದದ್ದನ್ನೇ ಎಣ್ಣೆಯೆಂದು ತಿಳಿದು ತೊಟ್ಟುತೊಟ್ಟಾಗಿ ಸೇರಿಸುತ್ತ ಕಡೆಯಬೇಕು. ಚೆಲ್ಲುವ ಅಗತ್ಯ ಎಂದೂ ಬರುವುದಿಲ್ಲ.

ಎಣ್ಣೆಯ ಆಯ್ಕೆ ರುಚಿಯನ್ನಷ್ಟೇ ಅಲ್ಲ, ಬಾಳಿಕೆಯನ್ನೂ ನಿರ್ಧರಿಸುತ್ತದೆ. ವಾಸನೆಯಿಲ್ಲದ ಸೂರ್ಯಕಾಂತಿ ಎಣ್ಣೆ ಸುರಕ್ಷಿತ ಆಯ್ಕೆ. ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುವುದರಿಂದ ಫ್ರಿಜ್ಜಿನಲ್ಲಿಟ್ಟ ಡ್ರೆಸಿಂಗನ್ನು ಒಡೆದುಬಿಡುತ್ತದೆ, ಹೆಪ್ಪಿನ ಹರಳುಗಳು ಹನಿಗಳ ಪೊರೆಯನ್ನು ಚುಚ್ಚುತ್ತವೆ. ಫ್ರೀಜರಿನಲ್ಲಿಟ್ಟರೆ ಯಾವ ಎಣ್ಣೆಯದಾದರೂ ಒಡೆಯುವುದೇ. ಎಕ್ಸ್‌ಟ್ರಾ ವರ್ಜಿನ್ ಆಲಿವ್ ಎಣ್ಣೆಯನ್ನು ಮಿಕ್ಸಿಯ ಬಿರುಸಿಗೆ ಕೊಟ್ಟರೆ ಕಹಿ ಎದ್ದು ಬರುವುದುಂಟು. ಬೇಕಿದ್ದರೆ ಕೊನೆಯಲ್ಲಿ ಒಂದೆರಡು ಚಮಚ ಕೈಯಲ್ಲೇ ಬೆರೆಸಿಕೊಳ್ಳುವುದು ಒಳ್ಳೆಯದು.

ಇತಿಹಾಸಕ್ಕೆ ಬಂದರೆ, ಇಂಗ್ಲೆಂಡಿನ ಜಾನ್ ಎವಲಿನ್ 1699ರಲ್ಲಿ ಸಾಲಡ್‌ಗಳ ಬಗ್ಗೆಯೇ ‘ಅಸಿಟೇರಿಯ’ ಎಂಬ ಪುಸ್ತಕ ಪ್ರಕಟಿಸಿದ. ಬೇಯಿಸಿದ ಮೊಟ್ಟೆಯ ಹಳದಿಯನ್ನು ಸಾಸಿವೆಯೊಂದಿಗೆ ಮಸೆದು, ಎಣ್ಣೆ ಮತ್ತು ವಿನೆಗರಿನಲ್ಲಿ ಕಲಸುವ ವಿಧಾನ ಅದರಲ್ಲಿದೆ. ಹಸಿ ಹಳದಿಯ ಮೇಯೊನೇಸ್ ಫ್ರೆಂಚ್ ಅಡುಗೆಯಲ್ಲಿ ನೆಲೆಯೂರಿದ್ದು 19ನೇ ಶತಮಾನದಲ್ಲಿ. 1756ರಲ್ಲಿ ಫ್ರೆಂಚರು ಮೆನೋರ್ಕ ದ್ವೀಪದ ಮಹೋನ್ ಬಂದರನ್ನು ಗೆದ್ದಾಗ ಅದರ ನೆನಪಿಗೆ ಈ ಹೆಸರಿಟ್ಟರು ಎಂಬ ಕಥೆ ಬಹಳ ಪ್ರಸಿದ್ಧ. ಪದದ ಹುಟ್ಟಿನ ಬಗ್ಗೆ ಬೇರೆ ವಾದಗಳೂ ಇರುವುದರಿಂದ ಅದನ್ನು ಕಥೆಯೆಂದೇ ಓದುವುದು ಸರಿ. ನ್ಯೂಯಾರ್ಕಿನಲ್ಲಿ ಅಂಗಡಿ ನಡೆಸುತ್ತಿದ್ದ ಜರ್ಮನ್ ವಲಸಿಗ ರಿಚರ್ಡ್ ಹೆಲ್‌ಮನ್ 1910ರ ದಶಕದಲ್ಲಿ ಮೇಯೊನೇಸನ್ನು ಗಾಜಿನ ಜಾಡಿಗಳಲ್ಲಿ ತುಂಬಿ ಮಾರತೊಡಗಿದ ಮೇಲೆ ಅದು ಕಾರ್ಖಾನೆಯ ಸರಕಾಯಿತು. ಜಪಾನಿನಲ್ಲಿ 1925ರಲ್ಲಿ ಬಂದ ಕ್ಯೂಪಿ ಹಳದಿಯನ್ನಷ್ಟೇ ಬಳಸುವುದರಿಂದ ಹೆಚ್ಚು ದಟ್ಟ. ಅಮೆರಿಕದ ನಿಯಮದಂತೆ ಮೇಯೊನೇಸ್ ಎಂಬ ಹೆಸರು ಹೊರಬೇಕಾದರೆ ತೂಕದಲ್ಲಿ ಶೇ. 65ರಷ್ಟಾದರೂ ಎಣ್ಣೆ ಇರಬೇಕು. ‘ಸಾಲಡ್ ಡ್ರೆಸಿಂಗ್’ ಎಂಬ ಹೆಸರಿಗೆ ಶೇ. 30 ಸಾಕು, ಅದರಲ್ಲಿ ಉಳಿದ ಗಟ್ಟಿತನವನ್ನು ಬೇಯಿಸಿದ ಹಿಟ್ಟಿನ ಗಂಜಿ ಕೊಡುತ್ತದೆ.

ಆ ಗಂಜಿಗೂ ಒಂದು ಹಿನ್ನೆಲೆ ಇದೆ. ಒಳ್ಳೆಯ ಎಣ್ಣೆ ದುಬಾರಿಯಾಗಿದ್ದ ಕಾಲದಲ್ಲಿ ಅಮೆರಿಕದ ಗೃಹಿಣಿಯರು ಹಿಟ್ಟು, ಸಾಸಿವೆ ಪುಡಿ, ಮೊಟ್ಟೆ, ಹಾಲು, ವಿನೆಗರ್ ಸೇರಿಸಿ ಸಣ್ಣ ಉರಿಯಲ್ಲಿ ಕಾಯಿಸಿ ‘ಬಾಯ್ಲ್ಡ್ ಡ್ರೆಸಿಂಗ್’ ಮಾಡಿಕೊಳ್ಳುತ್ತಿದ್ದರು. 1933ರಲ್ಲಿ ಮಾರುಕಟ್ಟೆಗೆ ಬಂದ ಮಿರಾಕಲ್ ವ್ಹಿಪ್ ಅದನ್ನೂ ಮೇಯೊನೇಸನ್ನೂ ಕೂಡಿಸಿದಂಥದು. ಬ್ರಿಟನ್ನಿನ ಹೈಂಜ್ ಸಾಲಡ್ ಕ್ರೀಂ ಅದಕ್ಕೂ ಮುಂಚಿನದು, 1914ರದ್ದು. ಉಗ್ರಾಣದ ಸಾಮಾನಿನಿಂದಲೇ ಆಗುವ ಡ್ರೆಸಿಂಗ್ ಎಂದರೆ ನ್ಯೂಜಿಲೆಂಡಿನವರದು. ಸಿಹಿ ಕಂಡೆನ್ಸ್ಡ್ ಮಿಲ್ಕಿನ ಒಂದು ಡಬ್ಬಿ, ಹತ್ತಿರಹತ್ತಿರ ಒಂದು ಲೋಟ ಮಾಲ್ಟ್ ವಿನೆಗರ್, ಸಾಸಿವೆ ಪುಡಿ, ಉಪ್ಪು, ಇಷ್ಟನ್ನೇ ಕಲಸಿ ಐದು ನಿಮಿಷ ಬಿಟ್ಟರೆ ಮುಗಿಯಿತು. ಹುಳಿ ತಗುಲಿದ ಹಾಲಿನ ಪ್ರೋಟೀನು ತಾನಾಗಿ ಗಟ್ಟಿಯಾಗುತ್ತದೆ. ಎಣ್ಣೆಯೂ ಬೇಡ, ಮೊಟ್ಟೆಯೂ ಬೇಡ. ಅಲ್ಲಿನ ಹಲವು ತಲೆಮಾರುಗಳಿಗೆ ಸಾಲಡ್ ಎಂದರೆ ಈ ಸಿಹಿಹುಳಿ ರುಚಿಯೇ.

ಮನೆಯ ಕೈಯಡುಗೆ ಕಾರ್ಖಾನೆಗೆ ಹೋಗಿ ಮತ್ತೆ ಮನೆಗೆ ಮರಳಿದ ಕಥೆ ರ‍್ಯಾಂಚ್ ಡ್ರೆಸಿಂಗಿನದು. ಸ್ಟೀವ್ ಹೆನ್ಸನ್ ಅಲಾಸ್ಕದಲ್ಲಿ ಪ್ಲಂಬಿಂಗ್ ಗುತ್ತಿಗೆದಾರನಾಗಿದ್ದಾಗ ಕೆಲಸದ ತಂಡಕ್ಕೆ ಅಡುಗೆ ಮಾಡುತ್ತ ಈ ರುಚಿಯನ್ನು ರೂಪಿಸಿದ. 1950ರ ದಶಕದಲ್ಲಿ ಅವನೂ ಅವನ ಹೆಂಡತಿ ಗೇಲ್ ಅವರೂ ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾ ಹತ್ತಿರದ ಗುಡ್ಡಗಳಲ್ಲಿ ಒಂದು ತೋಟದ ಬಂಗಲೆ ಕೊಂಡು ಅದಕ್ಕೆ ಹಿಡನ್ ವ್ಯಾಲಿ ಎಂದು ಹೆಸರಿಟ್ಟು ಅತಿಥಿಗೃಹ ನಡೆಸಿದರು. ಬಂದವರಿಗೆ ತಂಗುವ ಸುಖಕ್ಕಿಂತ ಊಟದ ಡ್ರೆಸಿಂಗೇ ಹೆಚ್ಚು ಹಿಡಿಸಿತು. ಹೆನ್ಸನ್ ದಂಪತಿ ಒಣ ಮಸಾಲೆಯನ್ನು ಪೊಟ್ಟಣ ಕಟ್ಟಿ ಅಂಚೆಯಲ್ಲಿ ಕಳುಹಿಸತೊಡಗಿದರು. ಕೊಂಡವರು ಮನೆಯಲ್ಲಿ ಅದಕ್ಕೆ ಮೇಯೊನೇಸನ್ನೂ ಬಟರ್‌ಮಿಲ್ಕನ್ನೂ ಬೆರೆಸಿಕೊಳ್ಳುತ್ತಿದ್ದರು. 1972ರಲ್ಲಿ ಕ್ಲೋರಾಕ್ಸ್ ಕಂಪನಿ ಇದನ್ನು 80 ಲಕ್ಷ ಡಾಲರಿಗೆ ಕೊಂಡಿತು. 1983ರಲ್ಲಿ ಫ್ರಿಜ್ ಇಲ್ಲದೆಯೂ ಅಂಗಡಿಯ ಕಪಾಟಿನಲ್ಲಿ ನಿಲ್ಲುವ ಬಾಟಲಿ ಬಂತು.

ಆ ಪೊಟ್ಟಣದಲ್ಲಿದ್ದ ರುಚಿಯೆಲ್ಲ ಬೆಳ್ಳುಳ್ಳಿ ಪುಡಿ, ಈರುಳ್ಳಿ ಪುಡಿ, ಒಣ ಸೊಪ್ಪು, ಕಾಳುಮೆಣಸು, ಉಪ್ಪು. ಮನೆಯಲ್ಲಿ ಮಾಡುವಾಗ ಕನ್ನಡದ ಓದುಗರು ಒಂದು ಮಾತನ್ನು ಗಮನಿಸಬೇಕು. ಅಮೆರಿಕದ ಅಡುಗೆ ಪುಸ್ತಕಗಳ ಬಟರ್‌ಮಿಲ್ಕ್ ನಮ್ಮ ಮಜ್ಜಿಗೆಯಲ್ಲ. ಅದು ಹಾಲಿಗೆ ಹೆಪ್ಪು ಹಾಕಿ ಹುಳಿ ಬರಿಸಿದ ಗಟ್ಟಿ ದ್ರವ. ಅದರ ಜಾಗದಲ್ಲಿ ಬೆಣ್ಣೆ ತೆಗೆದ ನೀರು ಮಜ್ಜಿಗೆ ಹಾಕಿದರೆ ಡ್ರೆಸಿಂಗ್ ಎಲೆಯ ಮೇಲೆ ನಿಲ್ಲದೆ ತಟ್ಟೆಯ ತಳ ಸೇರುತ್ತದೆ. ಗಟ್ಟಿ ಮೊಸರನ್ನು ಸ್ವಲ್ಪ ಹಾಲಿನಲ್ಲಿ ಕದಡಿ ಬಳಸುವುದೇ ಸರಿ. ಅರ್ಧ ಬಟ್ಟಲು ಮೇಯೊನೇಸಿಗೆ ಅರ್ಧ ಬಟ್ಟಲು ಗಟ್ಟಿ ಮೊಸರು, ಅರ್ಧರ್ಧ ಚಮಚ ಬೆಳ್ಳುಳ್ಳಿ ಮತ್ತು ಈರುಳ್ಳಿ ಪುಡಿ, ಉಪ್ಪು, ಮೆಣಸು, ಒಂದು ಚಮಚ ಸಣ್ಣಗೆ ಹೆಚ್ಚಿದ ಸಬ್ಬಸಿಗೆ ಸೊಪ್ಪು ಸಾಕು. ರ‍್ಯಾಂಚ್‌ನ ಗುರುತಿನ ಪರಿಮಳ ಬಹುಮಟ್ಟಿಗೆ ಸಬ್ಬಸಿಗೆಯದೇ. ಕರ್ನಾಟಕದ ಯಾವ ಸಂತೆಯಲ್ಲೂ ಕಟ್ಟುಕಟ್ಟಾಗಿ ಸಿಗುವ ಸೊಪ್ಪು ಇದು, ಘಾಟು ಜೋರು, ಕೈ ಬಿಗಿಹಿಡಿದು ಹಾಕಬೇಕು. ಕಲಸಿದ ತಕ್ಷಣ ರುಚಿ ನೋಡಿ ಉಪ್ಪು ಹೆಚ್ಚಿಸಬಾರದು. ಒಣಪುಡಿಗಳು ನೆನೆದು ರುಚಿ ಬಿಡಲು ಅರ್ಧ ಗಂಟೆ ಬೇಕು.

ಸೀಸರ್ ಸಾಲಡ್‌ನ ಡ್ರೆಸಿಂಗ್ ಹುಟ್ಟಿದ್ದು ರೋಮಿನಲ್ಲಲ್ಲ, ಮೆಕ್ಸಿಕೊದ ಟಿಹ್ವಾನ ನಗರದಲ್ಲಿ. ಅಮೆರಿಕದಲ್ಲಿ ಪಾನನಿಷೇಧವಿದ್ದಾಗ ಗಡಿ ದಾಟಿ ಬರುತ್ತಿದ್ದ ಗಿರಾಕಿಗಳಿಗಾಗಿ ಇಟಲಿ ಮೂಲದ ಸೀಸರ್ ಕಾರ್ಡಿನಿ ಅಲ್ಲಿ ಹೋಟೆಲ್ ನಡೆಸುತ್ತಿದ್ದ. 1924ರ ಜುಲೈ 4ರ ಗದ್ದಲದಲ್ಲಿ ಸಾಮಾನು ಮುಗಿದುಹೋಗಿ, ಅಡುಗೆಮನೆಯಲ್ಲಿ ಉಳಿದಿದ್ದ ಲೆಟಿಸ್, ಒಂದೇ ನಿಮಿಷ ಬಿಸಿನೀರಿನಲ್ಲಿಟ್ಟ ಮೊಟ್ಟೆ, ಆಲಿವ್ ಎಣ್ಣೆ, ಪಾರ್ಮೆಸಾನ್ ಗಿಣ್ಣು, ವುಸ್ಟರ್‌ಶೈರ್ ಸಾಸ್ ಇವುಗಳಿಂದಲೇ ಇದನ್ನು ಹೊಂದಿಸಿದ ಎಂದು ಅವನ ಮಗಳು ರೋಸಾ ಹೇಳುತ್ತಿದ್ದರು. ಆ ಸಾಸಿನ ಆಳದ ಹುಳಿಯಲ್ಲಿ ಹುಣಸೆಹಣ್ಣಿನ ಪಾಲೂ ಇದೆ. ಸ್ಯಾನ್ ಫ್ರಾನ್ಸಿಸ್ಕೊದ ಪ್ಯಾಲೇಸ್ ಹೋಟೆಲಿನ ‘ಗ್ರೀನ್ ಗಾಡೆಸ್’ ಡ್ರೆಸಿಂಗ್ ಅದಕ್ಕೆ ಒಂದು ವರ್ಷ ಮೊದಲಿನದು, ಸೊಪ್ಪುಗಳನ್ನು ಅರೆದು ಬೆರೆಸಿದ ಹಸಿರು ಮೇಯೊನೇಸ್. ವಿಲಿಯಂ ಆರ್ಚರ್‌ನ ‘ದ ಗ್ರೀನ್ ಗಾಡೆಸ್’ ನಾಟಕದಲ್ಲಿ ನಟಿಸುತ್ತಿದ್ದ ಜಾರ್ಜ್ ಆರ್ಲಿಸ್‌ನ ಗೌರವಕ್ಕೆ ಈ ಹೆಸರಿಟ್ಟರು. ಹಿಮಾಲಯದ ಕಲ್ಪಿತ ಸಂಸ್ಥಾನವೊಂದರಲ್ಲಿ ನಡೆಯುವ ಆ ನಾಟಕವನ್ನು ಇಂದು ನೆನೆಯುವವರು ಕಡಿಮೆ, ಡ್ರೆಸಿಂಗ್ ಉಳಿದಿದೆ.

ಮೊಟ್ಟೆ ಮುಟ್ಟದ ಮನೆಗಳು ಹೆಚ್ಚಿರುವ ನಮ್ಮಲ್ಲಿ ಹಾಲಿನ ಮೇಯೊನೇಸ್ ಬಹಳ ಉಪಯುಕ್ತ. ಪೋರ್ಚುಗಲ್ಲಿನಲ್ಲೂ ಇದು ಮನೆಮಾತು. ತಣ್ಣನೆ ಗಟ್ಟಿ ಹಾಲು ಒಂದು ಪಾಲು, ಎಣ್ಣೆ ಎರಡು ಪಾಲು, ಸಾಸಿವೆ, ಉಪ್ಪು ಇವನ್ನು ಎತ್ತರದ ಪಾತ್ರೆಗೆ ಹಾಕಿ ಕೈಬ್ಲೆಂಡರನ್ನು ತಳಕ್ಕೆ ಒತ್ತಿ ಹಿಡಿದು ಓಡಿಸಿದರೆ ಅರ್ಧ ನಿಮಿಷದಲ್ಲಿ ಗಟ್ಟಿಯಾಗುತ್ತದೆ. ನಿಂಬೆರಸ ಕೊನೆಗೆ. ಇಲ್ಲಿ ಹಿಡಿದಿಡುವ ಕೆಲಸ ಹಾಲಿನ ಪ್ರೋಟೀನುಗಳದು. ಹಾಲೂ ಬೇಡವೆಂದರೆ ಕಾಬೂಲಿ ಕಡಲೆಯ ಕಟ್ಟು ಇದೆ. ಈ ಕಟ್ಟನ್ನು ಮೊಟ್ಟೆಯ ಬಿಳಿಯಂತೆ ಕಡೆಯಬಹುದು ಎಂದು 2014ರ ಸುಮಾರಿಗೆ ಫ್ರಾನ್ಸಿನ ಜೋಯೆಲ್ ರೋಸೆಲ್ ಕಂಡುಕೊಂಡ ಮೇಲೆ ಅದಕ್ಕೆ ‘ಆಕ್ವಾಫಾಬಾ’ ಎಂಬ ಹೆಸರು ಬಂದು ಜಗತ್ತೆಲ್ಲ ಹಬ್ಬಿತು. ಬೇಳೆ ಬೇಯಿಸಿದ ಕಟ್ಟನ್ನು ಚೆಲ್ಲದೆ ಸಾರು ಮಾಡುವ ನಾಡಿಗೆ ಅದರ ಬೆಲೆ ಹೊಸದಾಗಿ ಹೇಳಬೇಕಿಲ್ಲ.

ಪಶ್ಚಿಮ ಏಷ್ಯದ ತಾಹಿನಿ ಡ್ರೆಸಿಂಗಿನಲ್ಲಿ ಎಳ್ಳೇ ಎಣ್ಣೆ, ಎಳ್ಳೇ ಹಿಡಿಕೆ. ಹದವಾಗಿ ಹುರಿದ ಬಿಳಿ ಎಳ್ಳನ್ನು ಎಣ್ಣೆ ಬಿಡುವ ತನಕ ಅರೆದು, ಬೆಳ್ಳುಳ್ಳಿ, ನಿಂಬೆರಸ ಹಾಕಬೇಕು. ಹುಳಿ ಬಿದ್ದೊಡನೆ ಅದು ಸಡಿಲವಾಗುವ ಬದಲು ಬಿಗಿದುಕೊಂಡು ಹಿಟ್ಟಿನ ಉಂಡೆಯಂತಾಗುತ್ತದೆ. ಕೆಟ್ಟಿತೆಂದು ಗಾಬರಿಯಾಗುವುದು ಇಲ್ಲಿಯೇ. ತಣ್ಣೀರನ್ನು ಚಮಚ ಚಮಚವಾಗಿ ಹಾಕುತ್ತ ತಿರುವಿದರೆ ಒಂದು ಹಂತದಲ್ಲಿ ಉಂಡೆ ಬಿಟ್ಟುಕೊಟ್ಟು, ಬಣ್ಣ ತಿಳಿಯಾಗಿ, ನುಣ್ಣನೆ ಹರಿಯತೊಡಗುತ್ತದೆ. ಉತ್ತರ ಕರ್ನಾಟಕದಲ್ಲಿ ಜೋಳದ ರೊಟ್ಟಿಯ ಜೊತೆ ಶೇಂಗಾ ಪುಡಿಯನ್ನೋ ಗುರೆಳ್ಳು ಪುಡಿಯನ್ನೋ ಮೊಸರಿನಲ್ಲಿ ಕಲಸಿ ಹಸಿ ಮೆಂತ್ಯ, ಮೂಲಂಗಿ, ಸೌತೆಕಾಯಿಗೆ ಹಚ್ಚಿಕೊಳ್ಳುವುದೂ ಇದೇ ಬಳಗದ್ದು.

ಸಾಸಿವೆಯ ಮಾತು ಪ್ರತ್ಯೇಕವಾಗಿ ಹೇಳಬೇಕು. ಅದು ರುಚಿಗಷ್ಟೇ ಅಲ್ಲ. ಅದರ ಸಿಪ್ಪೆಯಲ್ಲಿರುವ ಲೋಳೆ ಅಂಶ ಎಣ್ಣೆಹನಿಗಳನ್ನು ಬೇರೆಬೇರೆಯಾಗಿ ನಿಲ್ಲಿಸುತ್ತದೆ. ಡಿಜಾನ್ ಪೇಸ್ಟಿನ ಕಂದು ಸಾಸಿವೆಯೂ ನಮ್ಮ ಒಗ್ಗರಣೆ ಡಬ್ಬಿಯ ಸಾಸಿವೆಯೂ ಒಂದೇ ಜಾತಿಯವು, ಆದ್ದರಿಂದ ದುಬಾರಿ ಶೀಸೆ ಕೊಳ್ಳದೆ ಎರಡು ಚಮಚ ಸಾಸಿವೆಯನ್ನು ರಾತ್ರಿ ವಿನೆಗರಿನಲ್ಲಿ ನೆನೆಸಿ ಅರೆದರೂ ಕೆಲಸವಾಗುತ್ತದೆ. ಕಾಳು ಒಡೆದು ನೀರು ತಗುಲಿದಾಗ ಮಾತ್ರ ಅದರೊಳಗಿನ ಕಿಣ್ವ ಕೆಲಸ ಶುರುಮಾಡಿ ಮೂಗಿಗೇರುವ ಘಾಟು ಹುಟ್ಟುತ್ತದೆ. ಬಿಸಿ ಎಣ್ಣೆಗೆ ಬಿದ್ದ ಸಾಸಿವೆಯಲ್ಲಿ ಆ ಕಿಣ್ವ ಸತ್ತುಹೋಗುವುದರಿಂದ ಒಗ್ಗರಣೆಯಲ್ಲಿ ಘಾಟಿಲ್ಲ, ಕಂಪು ಮಾತ್ರ. ಮಲೆನಾಡು ಮತ್ತು ಕರಾವಳಿಯ ಅಡುಗೆಯವರು ಇದನ್ನು ಬಹಳ ಹಿಂದೆಯೇ ಅರಿತಿದ್ದರು. ಅಲ್ಲಿ ‘ಸಾಸಿವೆ’ ಎಂಬುದೇ ಒಂದು ವ್ಯಂಜನದ ಹೆಸರು, ಕೆಲವೆಡೆ ಸಾಸ್ಮೆ. ತೆಂಗಿನತುರಿಯ ಜೊತೆ ಹಸಿ ಸಾಸಿವೆ, ಮೆಣಸಿನಕಾಯಿ ಇಟ್ಟು ನುಣ್ಣಗೆ ಅರೆದು, ಮೊಸರಿನಲ್ಲಿ ಕದಡಿ, ಸೌತೆಕಾಯಿಗೋ ಮಾವಿನಹಣ್ಣಿಗೋ ಹುರಿದ ಹಾಗಲಕ್ಕೋ ಕಲಸುತ್ತಾರೆ. ಒಲೆಗೆ ಇಡುವುದಿಲ್ಲ. ತೆಂಗಿನ ಜಿಡ್ಡು, ಮೊಸರಿನ ಹುಳಿ, ಸಾಸಿವೆಯ ಹಿಡಿತ ಮೂರೂ ಇರುವ ಇದು ಯಾವ ಅಳತೆಯಿಂದ ನೋಡಿದರೂ ಪೂರ್ಣಪ್ರಮಾಣದ ಕೆನೆ ಡ್ರೆಸಿಂಗ್. ಪಡುವಣದ ಪುಸ್ತಕಗಳ ಪಟ್ಟಿಯಲ್ಲಿ ಇದಕ್ಕೆ ಜಾಗ ಸಿಗದಿರುವುದು ಆ ಪಟ್ಟಿಗಳ ಕೊರತೆ.

ಹಸಿ ಮೊಟ್ಟೆಯ ವಿಷಯದಲ್ಲಿ ಎಚ್ಚರ ಬೇಕೇ ಬೇಕು. ಸಾಲ್ಮೊನೆಲ್ಲ ಎಂಬ ರೋಗಾಣು ಮೊಟ್ಟೆಯಲ್ಲಿರಬಹುದು, ಬೆಚ್ಚನೆ ಹವೆಯಲ್ಲಿ ಅದು ಬೇಗ ಹೆಚ್ಚುತ್ತದೆ. ಹಸಿ ಮೊಟ್ಟೆಯ ಮೇಯೊನೇಸನ್ನು ಕೇರಳ 2023ರಲ್ಲಿ ನಿಷೇಧಿಸಿತು. ತೆಲಂಗಾಣ 2024ರಲ್ಲಿ, ತಮಿಳುನಾಡು 2025ರಲ್ಲಿ ಒಂದೊಂದು ವರ್ಷದ ಮಟ್ಟಿಗೆ ನಿಷೇಧ ಹೊರಡಿಸಿದವು. ಮಕ್ಕಳು, ಗರ್ಭಿಣಿಯರು, ವಯಸ್ಸಾದವರು ಇರುವ ಮನೆಯಲ್ಲಿ ಹಸಿ ಹಳದಿ ಬೇಡ. ಹಳದಿಯನ್ನು ಎರಡು ಚಮಚ ವಿನೆಗರ್-ನೀರಿನೊಂದಿಗೆ ಕುದಿನೀರಿನ ಪಾತ್ರೆಯ ಮೇಲಿಟ್ಟು, ಬಿಡದೆ ಕದಡುತ್ತ 71 ಡಿಗ್ರಿ ಸೆಲ್ಸಿಯಸ್ ಮುಟ್ಟಿಸಿ ಆರಿಸಿಕೊಂಡರೆ ಆ ಭಯವಿಲ್ಲ, ಹಿಡಿಯುವ ಗುಣವೂ ಹೋಗುವುದಿಲ್ಲ. ಎವಲಿನ್ ಹೇಳಿದ ಬೇಯಿಸಿದ ಹಳದಿಯ ದಾರಿಯೂ ತೆರೆದೇ ಇದೆ. ಹಸಿ ಬೆಳ್ಳುಳ್ಳಿ, ಮೊಸರು, ಸೊಪ್ಪು ಸೇರಿದ ಯಾವುದೇ ಡ್ರೆಸಿಂಗನ್ನು ಫ್ರಿಜ್ಜಿನಲ್ಲಿಟ್ಟು ಮೂರು ನಾಲ್ಕು ದಿನದಲ್ಲಿ ಮುಗಿಸಬೇಕು.

ಬಡಿಸುವಾಗ ಎಲೆಗಳು ಒಣಗಿರಬೇಕು. ತೊಳೆದ ಲೆಟಿಸನ್ನು ಬಟ್ಟೆಯಲ್ಲಿ ಸುತ್ತಿ ನೀರು ಹೋಗಲಾಡಿಸದಿದ್ದರೆ ಡ್ರೆಸಿಂಗ್ ಎಲೆಗೆ ಅಂಟದೆ ಜಾರಿಹೋಗುತ್ತದೆ. ಬರಿಯ ಎಣ್ಣೆ ಎಲೆಯ ಮೇಣದ ಪದರವನ್ನು ಹೊಕ್ಕು ಅದನ್ನು ಬೇಗ ಬಾಡಿಸುತ್ತದೆ. ಕೆನೆ ಡ್ರೆಸಿಂಗಿನಲ್ಲಿ ಎಣ್ಣೆ ಹನಿಗಳಾಗಿ ನೀರಿನೊಳಗೆ ಸೆರೆಯಾಗಿರುವುದರಿಂದ ಎಲೆ ಕೊಂಚ ಹೆಚ್ಚು ಹೊತ್ತು ಗರಿಗರಿಯಾಗಿರುತ್ತದೆ. ಸೌತೆಕಾಯಿ, ಮೂಲಂಗಿಯಂಥ ನೀರುಗಾಯಿಗಳಿಗೆ ಮೊದಲು ಉಪ್ಪು ಹಚ್ಚಿ ಹದಿನೈದು ನಿಮಿಷ ಬಿಟ್ಟು, ಹಿಂಡಿ, ಆಮೇಲೆ ಕಲಸಬೇಕು. ಹಿಂಡಿದ ನೀರನ್ನು ಒಂದೆಡೆ ತೆಗೆದಿಟ್ಟರೆ, ಡ್ರೆಸಿಂಗ್ ಗಟ್ಟಿಯೆನಿಸಿದಾಗ ಸಡಿಲಿಸಲು ಅದೇ ಒದಗುತ್ತದೆ.